ವಿಂಡೋಗಳಿಗೆ ತಲೆಯೇ ಇಲ್ಲ: ಸೆಷನ್ ನಡುವೆ ವಿಂಡೋ ಮ್ಯಾನೇಜರ್ ಬದಲಿಸಿದಾಗ ಬರುವ ದೋಷಗಳ ನಿವಾರಣೆ

"ವಿಂಡೋಗಳಿಗೆ ತಲೆಯೇ ಇಲ್ಲ ಮಾರಾಯ್ರೆ. ಸರಿಸಲಿಕ್ಕೂ ಆಗುವುದಿಲ್ಲ, ಮುಚ್ಚಲಿಕ್ಕೂ ಆಗುವುದಿಲ್ಲ." ಹಂಪನಕಟ್ಟೆಯ ಡಿಟಿಪಿ ಅಂಗಡಿಯಿಂದ ಬಂದರೂ ಸುರತ್ಕಲ್ಲಿನ ಹಾಸ್ಟೆಲ್ ಕೋಣೆಯಿಂದ ಬಂದರೂ ಲಿನಕ್ಸ್ ಡೆಸ್ಕ್‌ಟಾಪಿನ ಈ ದೂರಿಗೆ ಅರ್ಥ ಒಂದೇ: ಆ ಹೊತ್ತಿಗೆ ಪರದೆಯ ಮೇಲೆ ವಿಂಡೋ ಮ್ಯಾನೇಜರ್ ಇಲ್ಲ, ಅಥವಾ ಇದ್ದೂ ಮಾತಾಡುತ್ತಿಲ್ಲ. ತಲೆ ಎಂದರೆ ವಿಂಡೋದ ಮೇಲಂಚಿನ ಟೈಟಲ್ ಪಟ್ಟಿ; ಆ ಪಟ್ಟಿ ಹಾಕಿ ವಿಂಡೋಗಳನ್ನು ಸರಿಸುವ, ಮುಚ್ಚುವ ಪ್ರೋಗ್ರಾಮೇ ವಿಂಡೋ ಮ್ಯಾನೇಜರ್. ಗ್ರಾಫಿಕ್ಸ್ ಕಾರ್ಡ್, ಮಾನಿಟರ್, ಕೇಬಲ್ ಯಾವುದನ್ನೂ ಮುಟ್ಟಬೇಕಾಗಿಲ್ಲ. ಸಿಸ್ಟಮ್ ಮತ್ತೆ ಇನ್‌ಸ್ಟಾಲ್ ಮಾಡುವುದಂತೂ ಬೇಡವೇ ಬೇಡ.

ಇಲ್ಲಿ ಹೇಳುವುದು ಮುಖ್ಯವಾಗಿ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನ ಬಗ್ಗೆ. 4 ಜಿಬಿ ರ‍್ಯಾಮಿನ ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಅದೇ ಇರುವುದು, ಅದರೊಳಗೆ ಓಪನ್‌ಬಾಕ್ಸ್ ಎಂಬ ಬೇರೆ ವಿಂಡೋ ಮ್ಯಾನೇಜರ್ ತಂದು ಕೂರಿಸುವ ಆಸೆ ಹುಟ್ಟುವುದೂ ಅಲ್ಲೇ. ಮಾಟೆ, ಎಲ್‌ಎಕ್ಸ್‌ಕ್ಯೂಟಿ, ಪ್ಲಾಸ್ಮಾಗಳಿಗೆ ಬೇರೆಯಾಗುವ ಭಾಗ ಕೊನೆಯ ಹತ್ತಿರ ಉಂಟು. ಕಮಾಂಡುಗಳನ್ನು ಫೋನಿನಲ್ಲಿ ಓದಿ ಹೇಳಲು ಬರುವಂತೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವವರು ಇಂಗ್ಲಿಷ್ ಕೀಲಿಗಳಲ್ಲಿ ಹೊಡೆಯಬೇಕು. ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ. ಎಕ್ಸ್‌ಎಫ್‌ಸಿಇಯ ಸ್ವಂತ ವಿಂಡೋ ಮ್ಯಾನೇಜರಿನ ಹೆಸರು ಎಕ್ಸ್‌ಎಫ್‌ಡಬ್ಲ್ಯುಎಂ4, ನಡುವೆ ಜಾಗ ಇಲ್ಲ. --ರಿಪ್ಲೇಸ್ ಎಂದಲ್ಲಿ ಮುಂದೆ ಎರಡು ಗೀಟು.

ಮೊದಲು ಕೆಲಸ ಉಳಿಸಿ

ಪವರ್ ಬಟನ್ ಒತ್ತಬೇಡಿ. ವಿಂಡೋ ಮ್ಯಾನೇಜರ್ ಸತ್ತರೆ ತೆರೆದ ಫೈಲುಗಳು ಸಾಯುವುದಿಲ್ಲ. ಲಿಬ್ರೆ ಆಫೀಸೂ ಫೈರ್‌ಫಾಕ್ಸೂ ಪರದೆ, ಕೀಬೋರ್ಡ್, ಮೌಸ್ ನೋಡಿಕೊಳ್ಳುವ ಎಕ್ಸ್ ಸರ್ವರ್ ಎಂಬ ಪ್ರೋಗ್ರಾಮಿನೊಂದಿಗೆ ನೇರವಾಗಿ ಮಾತಾಡುತ್ತಿರುತ್ತವೆ. ವಿಂಡೋ ಮ್ಯಾನೇಜರ್ ಅವುಗಳ ಹಾಗೆ ಇನ್ನೊಂದು ಪ್ರೋಗ್ರಾಂ ಅಷ್ಟೇ, ಅವುಗಳ ಯಜಮಾನ ಅಲ್ಲ. ಕೀಬೋರ್ಡ್ ಫೋಕಸ್ ಇರುವ, ಅಂದರೆ ಒತ್ತಿದ ಅಕ್ಷರ ಹೋಗಿ ಬೀಳುವ ವಿಂಡೋದಲ್ಲಿ ಕಂಟ್ರೋಲ್-ಎಸ್ ಈಗಲೂ ನಡೆಯುತ್ತದೆ. ತೊಂದರೆ ಬರುವುದು ಫೋಕಸನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುವಲ್ಲಿ, ಏಕೆಂದರೆ ಆ ಕೆಲಸ ಮಾಡುವವರು ಈಗ ಇಲ್ಲ. ವಿಂಡೋ ಮ್ಯಾನೇಜರ್ ಕ್ರಮವಾಗಿ ಹೊರಟಿದ್ದರೆ ಹಲವು ಸಲ ಮೌಸ್ ಬಾಣ ಯಾವ ವಿಂಡೋದ ಮೇಲೆ ಉಂಟೋ ಅಕ್ಷರ ಅಲ್ಲಿಗೆ ಹೋಗುತ್ತದೆ. ಹಾಗಾಗಿ ಕ್ಲಿಕ್ ಮಾಡಿದ್ದು ಸಾಲದೆ ಹೋದರೆ ಬಾಣವನ್ನು ವಿಂಡೋದ ಒಳಗೇ ನಿಲ್ಲಿಸಿ ಟೈಪ್ ಮಾಡಿ ನೋಡಿ. ಅದು ಹಠಾತ್ತಾಗಿ ಕುಸಿದಿದ್ದರೆ ಕೊನೆಗೆ ಯಾವುದರಲ್ಲಿ ಫೋಕಸ್ ಇತ್ತೋ ಅಲ್ಲಿಯೇ ಅಂಟಿಕೊಂಡಿರುತ್ತದೆ.

ಎಕ್ಸ್‌ಎಫ್‌ಸಿಇಯಲ್ಲಿ ಆಲ್ಟ್-ಎಫ್2 ಕೀಲಿಯನ್ನು ನೋಡಿಕೊಳ್ಳುವುದು ವಿಂಡೋ ಮ್ಯಾನೇಜರ್ ಅಲ್ಲ, ಎಕ್ಸ್‌ಎಫ್‌ಸೆಟ್ಟಿಂಗ್ಸ್‌ಡಿ ಎಂಬ ಬೇರೆ ಪ್ರೋಗ್ರಾಂ. ವಿಂಡೋಗಳಿಗೆ ತಲೆ ಇಲ್ಲದಿದ್ದರೂ ಆಲ್ಟ್-ಎಫ್2 ಒತ್ತಿದರೆ ಪೆಟ್ಟಿಗೆ ತೆರೆಯುತ್ತದೆ. ಅದರ ಮೇಲೆ ಬಾಣ ಇಟ್ಟು "ಎಕ್ಸ್‌ಎಫ್‌ಡಬ್ಲ್ಯುಎಂ4 --ರಿಪ್ಲೇಸ್" ಎಂದು ಹೊಡೆದು ಎಂಟರ್ ಒತ್ತಿ. ಹೆಚ್ಚಿನ ಕೇಸುಗಳು ಇಲ್ಲಿಗೇ ಮುಗಿಯುತ್ತವೆ, ತಲೆಗಳೆಲ್ಲ ಕ್ಷಣದಲ್ಲಿ ವಾಪಸ್. ಆದರೆ ನಾಳೆ ಲಾಗಿನ್ ಆದಾಗ ಮತ್ತೆ ಹೋದರೆ ಮುಂದಿನದನ್ನೂ ಓದಬೇಕು.

ಜಾಗ ಒಂದೇ

ಎಕ್ಸ್ ಸರ್ವರಿನಲ್ಲಿ ರೂಟ್ ವಿಂಡೋ ಎಂದು ಒಂದು ಇದೆ, ಉಳಿದೆಲ್ಲ ವಿಂಡೋಗಳು ಅದರ ಮಕ್ಕಳು. ಹೊಸ ವಿಂಡೋ ತೆರೆಯಬೇಕು, ಗಾತ್ರ ಬದಲಾಗಬೇಕು, ಮೇಲೆ ಬರಬೇಕು ಎಂಬ ಕೋರಿಕೆಗಳನ್ನು ನೇರ ಜಾರಿ ಮಾಡದೆ ತನಗೆ ತಿರುಗಿಸಿ ಕೊಡು ಎಂದು ಒಂದು ಪ್ರೋಗ್ರಾಂ ಸರ್ವರಿಗೆ ಹೇಳಿಟ್ಟುಕೊಳ್ಳಬಹುದು. ಹಾಗೆ ಹೇಳಿಟ್ಟುಕೊಂಡದ್ದೇ ವಿಂಡೋ ಮ್ಯಾನೇಜರ್. ಈ ಹಕ್ಕು ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ. ಎರಡನೆಯವರು ಕೇಳಿದರೆ ಸರ್ವರ್ ಬ್ಯಾಡ್‌ಆಕ್ಸೆಸ್ ಎಂಬ ದೋಷ ಕೊಟ್ಟು ಕಳಿಸುತ್ತದೆ. ಬೇರೊಂದು ವಿಂಡೋ ಮ್ಯಾನೇಜರ್ ಆಗಲೇ ಓಡುತ್ತಿದೆ ಎಂದು ಓಪನ್‌ಬಾಕ್ಸ್ ಹೇಳಿ ಹೊರಟುಹೋಗುವುದಕ್ಕೆ ಕಾರಣ ಇದು.

ಹಾಗಾದರೆ ಬದಲಾಯಿಸುವುದು ಹೇಗೆ? ಡಬ್ಲ್ಯುಎಂ_ಎಸ್0 ಎಂಬ ಒಂದು ಸೆಲೆಕ್ಷನ್ ಉಂಟು, ಒಂದು ಹೊತ್ತಿಗೆ ಒಬ್ಬರ ಕೈಯಲ್ಲಿ ಮಾತ್ರ ಇರುವ ಒಡೆತನದ ಗುರುತು ಅದು. ಕೊನೆಯ ಸೊನ್ನೆ ಎಂದರೆ ಮೊದಲನೆಯ ಸ್ಕ್ರೀನ್. ಕೂತಿರುವ ವಿಂಡೋ ಮ್ಯಾನೇಜರ್ ಅದರ ಒಡೆತನ ಇಟ್ಟುಕೊಂಡಿರುತ್ತದೆ. --ರಿಪ್ಲೇಸ್ ಕೊಟ್ಟು ಹೊಸದನ್ನು ಕರೆದರೆ ಅದು ಈ ಒಡೆತನವನ್ನು ತಾನು ತೆಗೆದುಕೊಳ್ಳುತ್ತದೆ. ಹಳೆಯದಕ್ಕೆ ಸುದ್ದಿ ಹೋಗುತ್ತದೆ, ಅದು ತನ್ನ ಚೌಕಟ್ಟುಗಳನ್ನು ಬಿಚ್ಚಿ ವಿಂಡೋಗಳನ್ನು ರೂಟಿಗೆ ಒಪ್ಪಿಸಿ ಹೊರಡುತ್ತದೆ. ಅದು ಹೊರಟಿತು ಎಂದು ಖಾತ್ರಿಯಾದ ಮೇಲೆ ಹೊಸದು ಕೂರುತ್ತದೆ. ಯಕ್ಷಗಾನದ ರಾತ್ರಿಯ ಆಟದಲ್ಲಿ ಪ್ರಸಂಗ ನಿಲ್ಲದೆ ಭಾಗವತರು ಬದಲಾಗುವ ಹಾಗೆ, ಬಂದವರ ಕೈಗೆ ಜಾಗಟೆ ಕೊಟ್ಟೇ ಇದ್ದವರು ಏಳಬೇಕು. ಹಳೆಯದನ್ನು ಕೊಂದು ಆಮೇಲೆ ಹೊಸದನ್ನು ಕರೆಯುವ ಪದ್ಧತಿಯಲ್ಲಿ ಈ ಹಸ್ತಾಂತರ ಇರುವುದಿಲ್ಲ. ಅರ್ಧಕ್ಕರ್ಧ ದೋಷಗಳು ಅಲ್ಲಿಂದಲೇ ಶುರುವಾಗುತ್ತವೆ.

ಈಗ ಕೂತಿರುವುದು ಯಾರು

ಊಹೆ ಬೇಡ, ನೋಡಿಯೇ ಬಿಡಿ. ಡಬ್ಲ್ಯುಎಂಸಿಟಿಆರ್‌ಎಲ್ ಎಂಬ ಪ್ಯಾಕೇಜ್ ಹಾಕಿಕೊಂಡು ಟರ್ಮಿನಲ್‌ನಲ್ಲಿ

ಡಬ್ಲ್ಯುಎಂಸಿಟಿಆರ್‌ಎಲ್ -ಎಂ

ಎಂದು ಕೊಟ್ಟರೆ ಮೊದಲ ಸಾಲಿನಲ್ಲೇ ಹೆಸರು ಬರುತ್ತದೆ: ಎಕ್ಸ್‌ಎಫ್‌ಡಬ್ಲ್ಯುಎಂ4, ಓಪನ್‌ಬಾಕ್ಸ್ ಹೀಗೆ. ಆ ಪ್ಯಾಕೇಜ್ ಇಲ್ಲ, ನೆಟ್ಟೂ ಇಲ್ಲ ಎಂದಾದರೆ ಎಕ್ಸ್‌ಪ್ರಾಪ್ ಸಾಕು:

ಎಕ್ಸ್‌ಪ್ರಾಪ್ -ರೂಟ್ _ನೆಟ್_ಸಪೋರ್ಟಿಂಗ್_ಡಬ್ಲ್ಯುಎಂ_ಚೆಕ್

ಅಡಿಗೀಟಿನಿಂದ ಶುರುವಾಗುವ ಆ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ ಇರಬೇಕು. ಉತ್ತರವಾಗಿ 0ಎಕ್ಸ್ ಎಂದು ಶುರುವಾಗುವ ಒಂದು ವಿಂಡೋ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆಯನ್ನು ಹಾಕಿ

ಎಕ್ಸ್‌ಪ್ರಾಪ್ -ಐಡಿ (ಸಿಕ್ಕಿದ ಸಂಖ್ಯೆ) _ನೆಟ್_ಡಬ್ಲ್ಯುಎಂ_ನೇಮ್

ಎಂದು ಇನ್ನೊಮ್ಮೆ ಕೇಳಿ. ಹೆಸರು ಬಂದರೆ ಆ ವಿಂಡೋ ಮ್ಯಾನೇಜರ್ ಜೀವಂತ ಇದೆ. ಬ್ಯಾಡ್‌ವಿಂಡೋ ಎಂಬ ದೋಷ ಬಂದರೆ ಮ್ಯಾನೇಜರ್ ಕುಸಿದು ಹೋಗಿದೆ, ಅದು ರೂಟ್ ಮೇಲೆ ಬರೆದಿಟ್ಟ ವಿಳಾಸ ಮಾತ್ರ ಉಳಿದಿದೆ. ಒಂದನೇ ಕಮಾಂಡಿನ ಉತ್ತರ ಕಂಡು ಎಲ್ಲ ಸರಿ ಉಂಟು ಎಂದು ತೀರ್ಮಾನಿಸಬೇಡಿ, ಎರಡನೆಯದನ್ನು ಮಾಡಲೇಬೇಕು.

ಇದಕ್ಕೂ ಮೊದಲು ಒಂದು ವಿಷಯ ಖಚಿತಪಡಿಸಿಕೊಳ್ಳಿ. "ಎಕೋ $ಎಕ್ಸ್‌ಡಿಜಿ_ಸೆಷನ್_ಟೈಪ್" ಎಂದು ಕೊಡಿ, ಡಾಲರ್ ನಂತರದ್ದೆಲ್ಲ ದೊಡ್ಡಕ್ಷರ. ಎಕ್ಸ್11 ಎಂದು ಬಂದರೆ ಮುಂದಕ್ಕೆ ಓದಿ. ಎಕ್ಸ್ ಬದಲಿಗೆ ಬಂದ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಎಂದು ಬಂದರೆ ಈ ಕೈಪಿಡಿಯ ಮುಕ್ಕಾಲು ಪಾಲು ಅಲ್ಲಿ ನಡೆಯುವುದಿಲ್ಲ. ಅಲ್ಲಿ ವಿಂಡೋಗಳ ಚಿತ್ರಗಳನ್ನು ಬೆರೆಸಿ ಪರದೆಗೆ ಹಾಕುವ ಕಂಪೋಸಿಟರೇ ಡಿಸ್‌ಪ್ಲೇ ಸರ್ವರ್, ಅದೇ ವಿಂಡೋ ಮ್ಯಾನೇಜರ್. ಅದನ್ನು ತೆಗೆದರೆ ತೆರೆದ ಪ್ರೋಗ್ರಾಂಗಳೂ ಜೊತೆಗೆ ಹೋಗುತ್ತವೆ. ಲಾಗ್‌ಔಟ್ ಆಗಿ ಲಾಗಿನ್ ಪರದೆಯಲ್ಲಿ ಬೇರೆ ಸೆಷನ್ ಆರಿಸುವುದೊಂದೇ ದಾರಿ. ಎಕ್ಸ್‌ಎಫ್‌ಸಿಇ 4.20ರಲ್ಲಿ ವೇಲ್ಯಾಂಡ್ ಸೆಷನ್ ಪ್ರಾಯೋಗಿಕವಾಗಿ ಬಂದಿದೆ, ಆದರೆ ಎಕ್ಸ್‌ಎಫ್‌ಡಬ್ಲ್ಯುಎಂ4 ಅಲ್ಲಿ ಓಡುವುದಿಲ್ಲ, ಲ್ಯಾಬ್‌ಡಬ್ಲ್ಯುಸಿಯಂಥ ಬೇರೆ ಕಂಪೋಸಿಟರ್ ಬೇಕು.

ಟರ್ಮಿನಲ್ ಮುಚ್ಚಿದ ಕೂಡಲೇ ತಲೆ ಹೋದರೆ

ಟರ್ಮಿನಲ್ ತೆರೆದು "ಓಪನ್‌ಬಾಕ್ಸ್ --ರಿಪ್ಲೇಸ್" ಎಂದು ಹೊಡೆದಿದ್ದಾರೆ, ಚೆನ್ನಾಗಿ ನಡೆದಿದೆ, ಖುಷಿಯಲ್ಲಿ ಟರ್ಮಿನಲ್ ಮುಚ್ಚಿದ್ದಾರೆ. ಟರ್ಮಿನಲ್ ಮುಚ್ಚುವಾಗ ಅದರೊಳಗೆ ಓಡುತ್ತಿದ್ದ ಪ್ರೋಗ್ರಾಂಗಳಿಗೆ ಹ್ಯಾಂಗಪ್ ಸಿಗ್ನಲ್ ಹೋಗುತ್ತದೆ, ಓಪನ್‌ಬಾಕ್ಸೂ ಅದರಲ್ಲಿ ಒಂದು. ಕಂಟ್ರೋಲ್-ಸಿ ಒತ್ತಿದರೂ ಅದೇ ಗತಿ. ಕೊನೆಗೆ ಆಂಡ್ ಚಿಹ್ನೆ (&) ಹಾಕಿದರೆ ಸಾಕೆಂದು ಹಲವರು ಹೇಳುತ್ತಾರೆ. ಕೆಲವು ಟರ್ಮಿನಲ್, ಕೆಲವು ಶೆಲ್ಲುಗಳಲ್ಲಿ ಅದು ಸಾಕಾಗುತ್ತದೆ, ಕೆಲವದರಲ್ಲಿ ಇಲ್ಲ. ನಂಬಬಹುದಾದ ರೂಪ ಇದು:

ಸೆಟ್‌ಸಿಡ್ -ಎಫ್ ಓಪನ್‌ಬಾಕ್ಸ್ --ರಿಪ್ಲೇಸ್ > ~/ಡಬ್ಲ್ಯುಎಂ.ಲಾಗ್ 2>&1

ಸೆಟ್‌ಸಿಡ್ ಎಂದರೆ ಎಸ್, ಇ, ಟಿ, ಎಸ್, ಐ, ಡಿ. ಅದು ಪ್ರೋಗ್ರಾಮನ್ನು ಟರ್ಮಿನಲ್ಲಿನ ಹಿಡಿತದಿಂದ ಬಿಡಿಸುತ್ತದೆ. ಕೊನೆಯ ಭಾಗ ದೋಷ ಸಂದೇಶಗಳನ್ನೆಲ್ಲ ಹೋಮ್ ಫೋಲ್ಡರಿನ ಒಂದು ಫೈಲಿಗೆ ಹಾಕುತ್ತದೆ. ಏನಾದರೂ ಕೆಟ್ಟರೆ ಮೊದಲು ತೆರೆಯಬೇಕಾದ್ದು ಆ ಫೈಲ್.

ಇನ್ನೊಂದು ರೂಪ ಇದಕ್ಕಿಂತ ಹೆದರಿಸುತ್ತದೆ. ಟರ್ಮಿನಲ್‌ನಲ್ಲಿ ಓಡುತ್ತಿದ್ದ ಓಪನ್‌ಬಾಕ್ಸನ್ನು ಹಿಂದಕ್ಕೆ ಕಳಿಸಲೆಂದು ಕಂಟ್ರೋಲ್-ಝಡ್ ಒತ್ತುತ್ತಾರೆ. ಈಗ ಓಪನ್‌ಬಾಕ್ಸ್ ಸತ್ತಿಲ್ಲ, ನಿಂತಿದೆ. ಟೈಟಲ್ ಪಟ್ಟಿಗಳು ಇದ್ದ ಹಾಗೆ ಕಾಣುತ್ತವೆ, ಫೈರ್‌ಫಾಕ್ಸಿನ ವಿಡಿಯೋ ಓಡುತ್ತಲೇ ಇರುತ್ತದೆ, ಬಾಣವೂ ಸರಿಯುತ್ತದೆ. ಆದರೆ ಬೇರೆ ವಿಂಡೋದ ಮೇಲೆ ಒಂದು ಕ್ಲಿಕ್ ಮಾಡಿದರೋ, ಅಲ್ಲಿಂದ ಮುಂದೆ ಯಾವ ಕ್ಲಿಕ್ಕಿಗೂ ಉತ್ತರ ಇಲ್ಲ. ಕಾರಣ: ಫೋಕಸ್ ಇಲ್ಲದ ವಿಂಡೋದ ಮೇಲೆ ಬಿದ್ದ ಕ್ಲಿಕ್ಕನ್ನು ಸರ್ವರ್ ಮೊದಲು ವಿಂಡೋ ಮ್ಯಾನೇಜರಿಗೆ ತೋರಿಸಿ, ಅದು ಬಿಡು ಎನ್ನುವವರೆಗೆ ಮೌಸಿನ ಮುಂದಿನ ಘಟನೆಗಳನ್ನೆಲ್ಲ ತಡೆದು ಇಟ್ಟಿರುತ್ತದೆ. ಬಿಡು ಎನ್ನಬೇಕಾದವರು ನಿಂತು ಹೋಗಿದ್ದಾರೆ. ಹೊಸ ವಿಂಡೋ ತೆರೆಯುವ ಕೋರಿಕೆಯೂ ಅದೇ ಬಾಗಿಲಲ್ಲಿ ಕಾಯುತ್ತದೆ. ನೋಡಿದವರು ಯಂತ್ರ ಹ್ಯಾಂಗ್ ಆಯಿತು ಎಂದು ಪವರ್ ತೆಗೆಯುತ್ತಾರೆ. ತೆಗೆಯಬೇಕಾಗಿಲ್ಲ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ, ಬರುವ ಕಪ್ಪು ಪರದೆಯಲ್ಲಿ ಅದೇ ಯೂಸರ್ ಹೆಸರಿನಲ್ಲಿ ಲಾಗಿನ್ ಆಗಿ

ಪಿಎಸ್ -ಸಿ ಓಪನ್‌ಬಾಕ್ಸ್ -ಓ ಪಿಐಡಿ,ಸ್ಟ್ಯಾಟ್

ಎಂದು ನೋಡಿ. ಇಲ್ಲಿ ಸಿ ಮಾತ್ರ ದೊಡ್ಡಕ್ಷರ. ಸ್ಟ್ಯಾಟ್ ಕೆಳಗೆ ದೊಡ್ಡ ಟಿ ಇದ್ದರೆ ನಿಂತಿರುವುದು ಖಚಿತ. "ಪಿಕಿಲ್ -ಕಾಂಟ್ ಓಪನ್‌ಬಾಕ್ಸ್" ಎಂದು ಕೊಡಿ. ಕಾಂಟ್ ಎಂದರೆ ಸಿ, ಓ, ಎನ್, ಟಿ ದೊಡ್ಡಕ್ಷರದಲ್ಲಿ. ಗ್ರಾಫಿಕ್ಸ್ ಪರದೆಗೆ ಮರಳಿದರೆ ತಡೆದಿಟ್ಟ ಕ್ಲಿಕ್ಕುಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ, ಗಾಬರಿಯಾಗಬೇಡಿ.

ಕೊಂದಷ್ಟು ಸಲ ಎದ್ದು ಬಂದರೆ

"ಪಿಕಿಲ್ ಎಕ್ಸ್‌ಎಫ್‌ಡಬ್ಲ್ಯುಎಂ4" ಎಂದು ಕೊಟ್ಟು, ಕೂಡಲೇ "ಓಪನ್‌ಬಾಕ್ಸ್" ಎಂದು ಕೊಟ್ಟರೆ ಓಪನ್‌ಬಾಕ್ಸ್ ಒಳಗೆ ಬರುವುದಿಲ್ಲ. ಎಕ್ಸ್‌ಎಫ್‌ಸಿಇಯ ಸೆಷನ್ ಮ್ಯಾನೇಜರ್, ಅಂದರೆ ಲಾಗಿನ್ನಿನಿಂದ ಲಾಗ್‌ಔಟಿನವರೆಗೆ ಡೆಸ್ಕ್‌ಟಾಪ್ ನಡೆಸುವ ಪ್ರೋಗ್ರಾಂ, ತನ್ನ ಪಟ್ಟಿಯಲ್ಲಿರುವ ಪ್ರೋಗ್ರಾಂಗಳನ್ನು ಕಾಯುತ್ತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸೆಷನ್ ಅಂಡ್ ಸ್ಟಾರ್ಟಪ್ ತೆರೆದು ಕರೆಂಟ್ ಸೆಷನ್ ಟ್ಯಾಬ್ ನೋಡಿದರೆ ಎಕ್ಸ್‌ಎಫ್‌ಡಬ್ಲ್ಯುಎಂ4 ಎದುರು ಮರುಪ್ರಾರಂಭದ ರೀತಿ "ಇಮ್ಮೀಡಿಯೇಟ್ಲಿ" ಎಂದು ಇರುತ್ತದೆ. ಸತ್ತ ಮರುಕ್ಷಣ ಎಬ್ಬಿಸು ಎಂಬ ಅರ್ಥ. ನೀವು ಎರಡನೇ ಕಮಾಂಡ್ ಹೊಡೆಯುವ ಮೊದಲೇ ಅದು ಎದ್ದು ಜಾಗ ಹಿಡಿದಿರುತ್ತದೆ. --ರಿಪ್ಲೇಸ್ ಬಳಸಿದರೆ ಈ ಜಗಳ ಇಲ್ಲ: ಸೆಷನ್ ಮ್ಯಾನೇಜರ್ ಮತ್ತೆ ಎಬ್ಬಿಸಲು ನೋಡಿದರೂ ಜಾಗದಲ್ಲಿ ಬೇರೆಯವರು ಕೂತದ್ದು ಕಂಡು ಎಕ್ಸ್‌ಎಫ್‌ಡಬ್ಲ್ಯುಎಂ4 ತಾನೇ ಹಿಂದೆ ಸರಿಯುತ್ತದೆ.

--ರಿಪ್ಲೇಸ್ ಕೊಟ್ಟೂ ಬದಲಾಗದೆ, ಹಳೆಯದು ಬಿಟ್ಟುಕೊಡುತ್ತಿಲ್ಲ ಎಂಬ ಸಂದೇಶ ಬಂದರೆ ಹಳೆಯದು ಉಸಿರುಗಟ್ಟಿ ಕೂತಿದೆ. ಆಗ ಮಾತ್ರ "ಪಿಕಿಲ್ -9" ಸರಿ. ಡಿಡಬ್ಲ್ಯುಎಂನಂಥ ಚಿಕ್ಕ ಮ್ಯಾನೇಜರುಗಳಿಗೆ --ರಿಪ್ಲೇಸ್ ಎಂಬುದೇ ಇಲ್ಲ. ಅವುಗಳನ್ನು ಎಕ್ಸ್‌ಎಫ್‌ಸಿಇ ಸೆಷನ್ ನಡುವೆ ತೂರಿಸಲು ಒದ್ದಾಡುವುದಕ್ಕಿಂತ ಲಾಗಿನ್ ಪರದೆಯಲ್ಲಿ ಅವಕ್ಕೆ ಪ್ರತ್ಯೇಕ ಸೆಷನ್ ಮಾಡಿಕೊಳ್ಳುವುದೇ ಲೇಸು.

ಮರುದಿನ ಮತ್ತೆ ಅದೇ ಕಥೆ

ಹೆಚ್ಚು ತಲೆ ತಿನ್ನುವ ಭಾಗ ಇದು. ಲಾಗಿನ್ ಆದಾಗ ಯಾವ ವಿಂಡೋ ಮ್ಯಾನೇಜರ್ ಎಬ್ಬಿಸಬೇಕು ಎಂಬುದನ್ನು ಎಕ್ಸ್‌ಎಫ್‌ಸಿಇ ಎರಡು ಕಡೆ ಹುಡುಕುತ್ತದೆ. ಮೊದಲು ಉಳಿಸಿಟ್ಟ ಸೆಷನ್: ಹೋಮ್ ಫೋಲ್ಡರಿನ .ಕ್ಯಾಶ್/ಸೆಷನ್ಸ್ ಒಳಗೆ ಎಕ್ಸ್‌ಎಫ್‌ಸಿಇ4-ಸೆಷನ್ ಎಂದು ಶುರುವಾಗಿ ಮುಂದೆ ಯಂತ್ರದ ಹೆಸರು ಇರುವ ಫೈಲ್. ಅದು ಇದ್ದರೆ ಅದರಲ್ಲಿದ್ದದ್ದೇ ಅಂತಿಮ. ಇಲ್ಲದಿದ್ದರೆ ಮಾತ್ರ ಫೇಲ್‌ಸೇಫ್ ಎಂಬ ಪಟ್ಟಿ. ಸೆಟ್ಟಿಂಗ್ ಬದಲಿಸಿದರೂ ಏನೂ ಆಗಲಿಲ್ಲ ಎನ್ನುವವರು ಫೇಲ್‌ಸೇಫ್ ಬದಲಿಸಿ ಹಳೆಯ ಉಳಿಸಿದ ಸೆಷನನ್ನು ಹಾಗೇ ಬಿಟ್ಟಿರುತ್ತಾರೆ.

ಉಳಿಸಿದ ಸೆಷನ್ ಕೆಡುವುದು ಮೂರು ರೀತಿ, ಮೂರಕ್ಕೂ ಲಕ್ಷಣ ಬೇರೆ. ವಿಂಡೋ ಮ್ಯಾನೇಜರ್ ಇಲ್ಲದ ಹೊತ್ತಿನಲ್ಲಿ "ಸೆಷನ್ ಉಳಿಸು" ಗುರುತು ಹಾಕಿ ಲಾಗ್‌ಔಟ್ ಆಗಿದ್ದರೆ, ಆ ಇಲ್ಲದಿರುವಿಕೆಯೇ ಉಳಿದುಬಿಡುತ್ತದೆ; ಪ್ರತಿ ಲಾಗಿನ್ನಿಗೂ ತಲೆ ಇಲ್ಲ, ತಪ್ಪದೆ. ಓಪನ್‌ಬಾಕ್ಸ್, ಎಕ್ಸ್‌ಎಫ್‌ಡಬ್ಲ್ಯುಎಂ4 ಎರಡೂ ಪಟ್ಟಿಗೆ ಸೇರಿಬಿಟ್ಟಿದ್ದರೆ ಯಾರು ಮೊದಲು ಎದ್ದರೋ ಅವರಿಗೆ ಜಾಗ; ಒಂದು ದಿನ ಇದು, ಇನ್ನೊಂದು ದಿನ ಅದು. ಅವುಗಳ ಪೈಕಿ ಒಂದರ ಕಮಾಂಡಿನಲ್ಲಿ --ರಿಪ್ಲೇಸ್ ಉಳಿದುಕೊಂಡಿದ್ದರೆ ಲಾಗಿನ್ ಆದ ಮೇಲೆ ಟೈಟಲ್ ಪಟ್ಟಿಗಳು ಒಮ್ಮೆ ಮಿನುಗಿ ರೂಪ ಬದಲಿಸುವುದು ಕಾಣುತ್ತದೆ. ಮೂರನೆಯದು ನಮ್ಮ ಕಡೆಯ ಮಳೆಗಾಲದ್ದು: ಜೂನ್‌ನಿಂದ ಕರೆಂಟ್ ಹೋಗಿ ಬರುವ ಆಟ, ಯುಪಿಎಸ್ ಬ್ಯಾಟರಿ ಸತ್ತು ವರ್ಷ ಆಗಿದೆ, ಫೈಲ್ ಬರೆಯುತ್ತಿರುವಾಗಲೇ ಯಂತ್ರ ಆರಿದೆ. ಫೈಲ್ ಉಂಟು, ಒಳಗೆ ಏನೂ ಇಲ್ಲ. ಸೆಷನ್ಸ್ ಫೋಲ್ಡರಿನಲ್ಲಿ "ಎಲ್‌ಎಸ್ -ಎಲ್" ಕೊಟ್ಟು ಗಾತ್ರ ನೋಡಿದರೆ ಸೊನ್ನೆ ಬೈಟ್. ಸೆಟ್ಟಿಂಗ್ ಇರುವ ಎಕ್ಸ್‌ಎಂಎಲ್ ಫೈಲುಗಳಿಗೂ ಹೀಗಾಗಬಹುದು, ಅವು .ಕಾನ್ಫಿಗ್/ಎಕ್ಸ್‌ಎಫ್‌ಸಿಇ4/ಎಕ್ಸ್‌ಎಫ್‌ಕಾನ್ಫ್ ಒಳಗಿನ ಫೋಲ್ಡರಿನಲ್ಲಿ ಇರುತ್ತವೆ, ಅಲ್ಲಿಯೂ ಗಾತ್ರ ನೋಡಿ.

ಮೂರಕ್ಕೂ ಮದ್ದು ಒಂದೇ, ಆದರೆ ಕ್ರಮ ಮುಖ್ಯ. ಡೆಸ್ಕ್‌ಟಾಪ್ ಒಳಗಿಂದಲೇ ಫೈಲ್ ಅಳಿಸಿ ಲಾಗ್‌ಔಟ್ ಆದರೆ, ಹೊರಡುವಾಗ ಅದು ಮತ್ತೆ ಬರೆಯಬಹುದು. ಮೊದಲು ಲಾಗ್‌ಔಟ್ ಪೆಟ್ಟಿಗೆಯಲ್ಲಿ ಸೆಷನ್ ಉಳಿಸುವ ಗುರುತು ತೆಗೆದು ಲಾಗ್‌ಔಟ್ ಆಗಿ. ಲಾಗಿನ್ ಪರದೆ ಬಂದ ಮೇಲೆ ಕಂಟ್ರೋಲ್-ಆಲ್ಟ್-ಎಫ್3ಗೆ ಹೋಗಿ

ಆರ್‌ಎಂ -ಆರ್ ~/.ಕ್ಯಾಶ್/ಸೆಷನ್ಸ್

ಎಂದು ಕೊಡಿ. ಫೋಲ್ಡರ್ ಮುಂದಿನ ಸಲ ತಾನೇ ಹುಟ್ಟುತ್ತದೆ. ಅಳಿಸುವುದೆಂದರೆ ಕೈ ನಡುಗುವವರು ಎಂವಿ ಕಮಾಂಡಿನಲ್ಲಿ ಹೆಸರು ಬದಲಿಸಿ ಇಟ್ಟರೂ ನಡೆಯುತ್ತದೆ. ಡಿಟಿಪಿ ಅಂಗಡಿಗಳಲ್ಲಿ ಸೆಷನ್ ಉಳಿಸುವ ಸೌಲಭ್ಯವನ್ನು ಶಾಶ್ವತವಾಗಿ ಆಫ್ ಮಾಡಿಡುವುದೇ ಒಳ್ಳೆಯದು, ಅದರಿಂದ ಸಿಗುವ ಲಾಭ ತೀರಾ ಕಡಿಮೆ.

ಈಗ ಫೇಲ್‌ಸೇಫ್. ಓಪನ್‌ಬಾಕ್ಸೇ ಕಾಯಂ ಬೇಕೆಂದರೆ ಟರ್ಮಿನಲ್‌ನಲ್ಲಿ ಒಂದೇ ಸಾಲಾಗಿ:

ಎಕ್ಸ್‌ಎಫ್‌ಕಾನ್ಫ್-ಕ್ವೆರಿ -ಸಿ ಎಕ್ಸ್‌ಎಫ್‌ಸಿಇ4-ಸೆಷನ್ -ಪಿ /ಸೆಷನ್ಸ್/ಫೇಲ್‌ಸೇಫ್/ಕ್ಲೈಂಟ್0_ಕಮಾಂಡ್ -ಎನ್ -ಎ -ಟಿ ಸ್ಟ್ರಿಂಗ್ -ಎಸ್ ಓಪನ್‌ಬಾಕ್ಸ್

ಫೇಲ್‌ಸೇಫ್, ಕ್ಲೈಂಟ್, ಕಮಾಂಡ್ ಮೂರರ ಮೊದಲಕ್ಷರ ಮಾತ್ರ ದೊಡ್ಡದು. -ಎ ಬಿಟ್ಟರೆ ಬೆಲೆ ಪಟ್ಟಿಯ ರೂಪದಲ್ಲಿ ಸೇರದೆ ಒಂಟಿ ಪದವಾಗಿ ಸೇರುತ್ತದೆ. ಸೆಷನ್ ಮ್ಯಾನೇಜರ್ ನಿರೀಕ್ಷಿಸುವುದು ಪಟ್ಟಿ, ಹಾಗಾಗಿ ಆ ಬೆಲೆ ಕೆಲಸಕ್ಕೆ ಬಾರದು. ಇಲ್ಲಿ --ರಿಪ್ಲೇಸ್ ಸೇರಿಸಬೇಡಿ, ಲಾಗಿನ್ನಿನ ಹೊತ್ತಿಗೆ ಜಾಗ ಖಾಲಿಯೇ ಇರುತ್ತದೆ. ಹಿಂದಿರುಗಬೇಕಾದರೆ ಅದೇ -ಪಿ ಭಾಗದ ನಂತರ ಬರೀ -ಆರ್ ಎಂದು ಕೊಡಿ; ನಿಮ್ಮ ಬದಲಾವಣೆ ಅಳಿದು ಸಿಸ್ಟಮ್ಮಿನ ಮೂಲ ಎಕ್ಸ್‌ಎಫ್‌ಡಬ್ಲ್ಯುಎಂ4 ಮರಳುತ್ತದೆ. ಎಕ್ಸ್‌ಎಂಎಲ್ ಫೈಲನ್ನು ನೇರವಾಗಿ ಎಡಿಟರಿನಲ್ಲಿ ತಿದ್ದಬೇಡಿ: ಎಕ್ಸ್‌ಎಫ್‌ಕಾನ್ಫ್‌ಡಿ ಎಂಬ ಪ್ರೋಗ್ರಾಂ ಅದನ್ನು ನೆನಪಿನಲ್ಲಿ ಇಟ್ಟುಕೊಂಡು ಓಡುತ್ತಿರುತ್ತದೆ, ನೀವು ಬರೆದದ್ದರ ಮೇಲೆ ಹಳೆಯದನ್ನೇ ಮತ್ತೆ ಬರೆದುಬಿಡುತ್ತದೆ.

ಡೆಬಿಯನ್, ಉಬುಂಟು ಕಡೆಯವರು ಅಪ್‌ಡೇಟ್-ಆಲ್ಟರ್ನೇಟಿವ್ಸ್‌ನಲ್ಲಿ ಎಕ್ಸ್-ವಿಂಡೋ-ಮ್ಯಾನೇಜರ್ ಬದಲಿಸಿ ಕಾಯುತ್ತಾ ಕೂರುವುದುಂಟು. ಫೇಲ್‌ಸೇಫ್ ಪಟ್ಟಿಯಲ್ಲಿ ಹೆಸರು ನೇರವಾಗಿ ಬರೆದಿರುವುದರಿಂದ ಎಕ್ಸ್‌ಎಫ್‌ಸಿಇಗೆ ಅದರಿಂದ ಏನೂ ಆಗುವುದಿಲ್ಲ. ಆಟೋಸ್ಟಾರ್ಟ್‌ಗೆ "ಓಪನ್‌ಬಾಕ್ಸ್ --ರಿಪ್ಲೇಸ್" ಸೇರಿಸುವುದು ಇನ್ನೊಂದು ಅಡ್ಡದಾರಿ. ನಡೆಯುತ್ತದೆ, ಆದರೆ ಪ್ರತಿ ಸಲ ಎರಡು ಮ್ಯಾನೇಜರ್ ಎದ್ದು ಒಂದು ಬೀಳುತ್ತದೆ, ಸೆಷನ್ ಉಳಿಸಿದ ದಿನ ಮೇಲೆ ಹೇಳಿದ ಎರಡನೇ ದೋಷ ಶುರು.

ಕಪ್ಪು ಪಟ್ಟಿ, ಹರಿದ ವಿಡಿಯೋ

ಓಪನ್‌ಬಾಕ್ಸಿಗೆ ಬದಲಿಸಿದ ಮೇಲೆ ಪ್ಲ್ಯಾಂಕ್ ಡಾಕಿನ ಹಿಂದೆ ಕಪ್ಪು ಪಟ್ಟಿ, ನೋಟಿಫಿಕೇಶನ್ ಪೆಟ್ಟಿಗೆಯ ಮೂಲೆಗಳಲ್ಲಿ ಕಪ್ಪು, ಪಾರದರ್ಶಕ ಪ್ಯಾನೆಲ್ ಗಟ್ಟಿ ಬಣ್ಣ. ಇದು ದೋಷ ಅಲ್ಲ, ಕೊರತೆ. ಪಾರದರ್ಶಕತೆ ಬೆರೆಸುವ ಕಂಪೋಸಿಟರ್ ಎಕ್ಸ್‌ಎಫ್‌ಡಬ್ಲ್ಯುಎಂ4ರ ಹೊಟ್ಟೆಯೊಳಗೆ ಇತ್ತು, ಅದರೊಂದಿಗೆ ಹೋಯಿತು. ಓಪನ್‌ಬಾಕ್ಸಿಗೆ ಸ್ವಂತ ಕಂಪೋಸಿಟರ್ ಇಲ್ಲ. "ಪೈಕಾಮ್ -ಬಿ" ಕೊಟ್ಟರೆ ಪಿಕಾಮ್ ಅಥವಾ ಪೈಕಾಮ್ (ಪಿ, ಐ, ಸಿ, ಓ, ಎಂ) ಎಂದು ಕರೆಯುವ ಬೇರೆ ಕಂಪೋಸಿಟರ್ ಹಿಂದೆ ಓಡಲು ಶುರುವಾಗುತ್ತದೆ. ಹಳೆಯ ಇಂಟೆಲ್ ಗ್ರಾಫಿಕ್ಸಿನಲ್ಲಿ ಪರದೆ ಮಿನುಗಿದರೆ ಬ್ಯಾಕೆಂಡನ್ನು ಜಿಎಲ್‌ಎಕ್ಸ್‌ನಿಂದ ಎಕ್ಸ್‌ರೆಂಡರ್‌ಗೆ ಬದಲಿಸಿ ನೋಡಿ.

ಕಂಪೋಸಿಟರಿಗೂ ಜಾಗ ಒಂದೇ, ಸೆಲೆಕ್ಷನ್ ಹೆಸರು ಮಾತ್ರ ಬೇರೆ. ಹಾಗಾಗಿ ವಾಪಸ್ ಬರುವಾಗ ಪೈಕಾಮ್ ಓಡುತ್ತಿರುವಾಗಲೇ ಎಕ್ಸ್‌ಎಫ್‌ಡಬ್ಲ್ಯುಎಂ4 ಕರೆದರೆ ಟೈಟಲ್ ಪಟ್ಟಿಗಳು ಬರುತ್ತವೆ, ಆದರೆ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನ ಕಂಪೋಸಿಟರ್ ಟ್ಯಾಬಿನಲ್ಲಿ ಏನು ಒತ್ತಿದರೂ ಪ್ರಯೋಜನ ಇಲ್ಲ. ಮೊದಲು "ಪಿಕಿಲ್ ಪೈಕಾಮ್", ಆಮೇಲೆ "ಎಕ್ಸ್‌ಎಫ್‌ಡಬ್ಲ್ಯುಎಂ4 --ರಿಪ್ಲೇಸ್".

ಕೀಲಿಗಳು ಮತ್ತು ಕನ್ನಡ ಟೈಪಿಂಗ್

ಆಲ್ಟ್-ಟ್ಯಾಬ್, ಆಲ್ಟ್-ಎಫ್4, ವರ್ಕ್‌ಸ್ಪೇಸ್ ಬದಲಿಸುವ ಕೀಲಿಗಳು ವಿಂಡೋ ಮ್ಯಾನೇಜರಿನವು. ಸೆಟ್ಟಿಂಗ್ಸ್‌ನಲ್ಲಿ ನೀವು ಹೊಂದಿಸಿದ್ದ ಆ ಕೀಲಿಗಳು ಓಪನ್‌ಬಾಕ್ಸಿಗೆ ಬರುವುದಿಲ್ಲ, ಅದಕ್ಕೆ ತನ್ನದೇ ಆರ್‌ಸಿ.ಎಕ್ಸ್‌ಎಂಎಲ್ ಫೈಲ್. /ಇಟಿಸಿ/ಎಕ್ಸ್‌ಡಿಜಿ/ಓಪನ್‌ಬಾಕ್ಸ್ ಒಳಗಿನದನ್ನು .ಕಾನ್ಫಿಗ್/ಓಪನ್‌ಬಾಕ್ಸ್‌ಗೆ ನಕಲು ಮಾಡಿ ತಿದ್ದಿ, "ಓಪನ್‌ಬಾಕ್ಸ್ --ರೀಕಾನ್ಫಿಗರ್" ಕೊಡಿ. ಡೆಸ್ಕ್‌ಟಾಪಿನ ಮೇಲೆ ಬಲ ಕ್ಲಿಕ್ ಮಾಡಿದರೆ ಓಪನ್‌ಬಾಕ್ಸಿನ ಮೆನು ಬರುವುದಿಲ್ಲ ಎಂಬುದೂ ಸಾಮಾನ್ಯ ದೂರು. ಎಕ್ಸ್‌ಎಫ್‌ಡೆಸ್ಕ್‌ಟಾಪ್ ಪರದೆ ತುಂಬ ತನ್ನ ವಿಂಡೋ ಹಾಸಿಕೊಂಡಿರುತ್ತದೆ, ಕ್ಲಿಕ್ ರೂಟಿಗೆ ತಲುಪುವುದೇ ಇಲ್ಲ.

ಆಮಂತ್ರಣ ಪತ್ರಿಕೆ ಮಾಡುವವರಿಗೆ ಸಿಕ್ಕಿಬೀಳುವುದು ಇನ್ನೊಂದು ಕಡೆ. ಐಬಸ್ ಎಂಬ ಭಾಷಾ ಟೈಪಿಂಗ್ ಪ್ರೋಗ್ರಾಮಿನಲ್ಲಿ ಇಂಗ್ಲಿಷ್-ಕನ್ನಡ ಬದಲಿಸುವ ಸೂಪರ್-ಸ್ಪೇಸ್ ಕೀಲಿಯನ್ನು (ಸೂಪರ್ ಎಂದರೆ ವಿಂಡೋಸ್ ಗುರುತಿನ ಕೀಲಿ) ಓಪನ್‌ಬಾಕ್ಸಿನಲ್ಲಿ ಬೇರೆ ಕೆಲಸಕ್ಕೆ ಕಟ್ಟಿದ್ದರೆ, ಮೊದಲು ಹಿಡಿದವರಿಗೆ ಅದು ದಕ್ಕುತ್ತದೆ. ಆರ್‌ಸಿ.ಎಕ್ಸ್‌ಎಂಎಲ್‌ನಲ್ಲಿ ಡಬ್ಲ್ಯು-ಸ್ಪೇಸ್ ಎಂದು ಹುಡುಕಿ ತೆಗೆಯಿರಿ. ಡಬ್ಲ್ಯು ಎಂದರೆ ಅಲ್ಲಿ ಸೂಪರ್ ಕೀಲಿ. ಐಬಸ್ ಇಲ್ಲದೆ ನೇರ ಕಗಪ ವಿನ್ಯಾಸ ಬಳಸುವವರು ಇಂಗ್ಲಿಷನ್ನು ಮೊದಲ ಸ್ಥಾನದಲ್ಲಿ ಇಡಬೇಕು. ಸೆಟ್‌ಎಕ್ಸ್‌ಕೆಬಿಮ್ಯಾಪ್‌ನಲ್ಲಿ ಲೇಔಟ್ "ಯುಎಸ್,ಐಎನ್" ಎಂದೂ ವೇರಿಯಂಟ್ ಅಲ್ಪವಿರಾಮದ ನಂತರ "ಕೆಎಎನ್-ಕಗಪ" ಎಂದೂ ಇರಲಿ. ಕನ್ನಡವೊಂದೇ ಇದ್ದರೆ ಸೂಪರ್-ಡಿ ಥರದ ಕೀಲಿಗಳಿಗೆ ಇಂಗ್ಲಿಷ್ ಡಿ ಎಲ್ಲಿಯೂ ಸಿಗದೆ ಅವು ಸುಮ್ಮನೆ ಸಾಯುತ್ತವೆ.

ಪರದೆಯಲ್ಲಿ ಏನೂ ಟೈಪ್ ಆಗದಿದ್ದಾಗ

ಕಂಟ್ರೋಲ್-ಆಲ್ಟ್-ಎಫ್3. ಅಲ್ಲಿಂದ ಬರೀ "ಎಕ್ಸ್‌ಎಫ್‌ಡಬ್ಲ್ಯುಎಂ4 --ರಿಪ್ಲೇಸ್" ಕೊಟ್ಟರೆ ಡಿಸ್‌ಪ್ಲೇ ತೆರೆಯಲಾಗದು ಎಂದು ಬರುತ್ತದೆ. ಯಾವ ಪರದೆ, ಯಾವ ಅನುಮತಿ ಎಂದು ಅದಕ್ಕೆ ಗೊತ್ತಿಲ್ಲ. ಓಡುತ್ತಿರುವ ಪ್ಯಾನೆಲ್ಲಿನಿಂದಲೇ ಆ ವಿವರ ತೆಗೆಯಬಹುದು. "ಪಿಗ್ರೆಪ್ ಎಕ್ಸ್‌ಎಫ್‌ಸಿಇ4-ಪ್ಯಾನೆಲ್" ಕೊಟ್ಟರೆ ಒಂದು ಸಂಖ್ಯೆ ಸಿಗುತ್ತದೆ. /ಪ್ರಾಕ್ ಒಳಗೆ ಆ ಸಂಖ್ಯೆಯ ಫೋಲ್ಡರಿನ ಎನ್ವಿರಾನ್ ಫೈಲಿನಲ್ಲಿ ಡಿಸ್‌ಪ್ಲೇ, ಎಕ್ಸ್‌ಅಥಾರಿಟಿ, ಸೆಷನ್_ಮ್ಯಾನೇಜರ್, ಡಿಬಸ್_ಸೆಷನ್_ಬಸ್_ಅಡ್ರೆಸ್ ಎಂಬ ನಾಲ್ಕು ಸಾಲು ನೋಡಿ, ನಾಲ್ಕನ್ನೂ ಎಕ್ಸ್‌ಪೋರ್ಟ್ ಮಾಡಿ. ಹೆಸರುಗಳೆಲ್ಲ ದೊಡ್ಡಕ್ಷರ. ಡಿಸ್‌ಪ್ಲೇ ಸಾಮಾನ್ಯವಾಗಿ :0. ಎಕ್ಸ್‌ಅಥಾರಿಟಿ, ಲಾಗಿನ್ ಪರದೆ ತೋರಿಸುವ ಪ್ರೋಗ್ರಾಂ ಲೈಟ್‌ಡಿಎಂ ಆಗಿರುವಲ್ಲಿ ಹೋಮ್ ಫೋಲ್ಡರಿನ .ಎಕ್ಸ್‌ಅಥಾರಿಟಿ ಫೈಲ್ ಆಗಿರುತ್ತದೆ, ಜಿಡಿಎಂನಲ್ಲಿ /ರನ್/ಯೂಸರ್ ಕೆಳಗೆ. ಆಮೇಲೆ ಸೆಟ್‌ಸಿಡ್ ರೂಪದಲ್ಲಿ ಎಕ್ಸ್‌ಎಫ್‌ಡಬ್ಲ್ಯುಎಂ4 ಕರೆದು ಕಂಟ್ರೋಲ್-ಆಲ್ಟ್-ಎಫ್7ಕ್ಕೆ ಮರಳಿ. ಕೆಲವು ವಿತರಣೆಗಳಲ್ಲಿ ಅದು ಎಫ್1 ಅಥವಾ ಎಫ್2.

ಮೊದಲೆರಡು ಸಾಲಿದ್ದರೆ ವಿಂಡೋಗಳಿಗೆ ತಲೆ ಬರುತ್ತದೆ, ಅಷ್ಟಕ್ಕೇ ಬಿಡುವವರೇ ಹೆಚ್ಚು. ಸೆಷನ್_ಮ್ಯಾನೇಜರ್ ಇಲ್ಲದೆ ಎದ್ದ ವಿಂಡೋ ಮ್ಯಾನೇಜರ್ ಸೆಷನ್ನಿನ ಹಾಜರಿ ಪುಸ್ತಕಕ್ಕೆ ಸೇರುವುದಿಲ್ಲ. ಆ ದಿನ ಸೆಷನ್ ಉಳಿಸಿ ಹೊರಟರೆ ನಾಳೆ ಮತ್ತೆ ತಲೆ ಇಲ್ಲ.

ಇದೆಲ್ಲ ಬೇಡ ಎನ್ನುವವರು ಪ್ರಯೋಗಕ್ಕೆ ಇಳಿಯುವ ಮೊದಲೇ ಡೆಸ್ಕ್‌ಟಾಪಿನಲ್ಲಿ ಒಂದು ಲಾಂಚರ್ ಮಾಡಿಡಿ, ಕಮಾಂಡ್ "ಎಕ್ಸ್‌ಎಫ್‌ಡಬ್ಲ್ಯುಎಂ4 --ರಿಪ್ಲೇಸ್". ಕೀಬೋರ್ಡ್ ಪೂರ್ತಿ ಸತ್ತರೂ ಮೌಸಿನಲ್ಲಿ ಎರಡು ಸಲ ಒತ್ತಿದರೆ ಕೆಲಸ ಮುಗಿಯುತ್ತದೆ.

ಬೇರೆ ಡೆಸ್ಕ್‌ಟಾಪುಗಳು

ಮಾಟೆಯಲ್ಲಿ ಹೆಸರು ಇರುವುದು ಜಿಸೆಟ್ಟಿಂಗ್ಸ್‌ನ ಆರ್ಗ್.ಮಾಟೆ.ಸೆಷನ್.ರಿಕ್ವೈರ್ಡ್-ಕಾಂಪೊನೆಂಟ್ಸ್ ಕೆಳಗಿನ ವಿಂಡೋಮ್ಯಾನೇಜರ್ ಕೀಲಿಯಲ್ಲಿ, ಮೂಲ ಬೆಲೆ ಮಾರ್ಕೋ. ಮಾಟೆ ಟ್ವೀಕ್ ಇದ್ದರೆ ಅದರಲ್ಲೇ ಆರಿಸಬಹುದು. ಎಲ್‌ಎಕ್ಸ್‌ಕ್ಯೂಟಿಯಲ್ಲಿ ಸೆಷನ್ ಸೆಟ್ಟಿಂಗ್ಸ್ ಪೆಟ್ಟಿಗೆಯಲ್ಲೇ ಆಯ್ಕೆ ಉಂಟು, ಅಲ್ಲಿ ಏನೂ ಕಷ್ಟ ಇಲ್ಲ. ಪ್ಲಾಸ್ಮಾದ ಎಕ್ಸ್11 ಸೆಷನ್ನಿನಲ್ಲಿ ತುರ್ತಿಗೆ "ಕೆವಿನ್_ಎಕ್ಸ್11 --ರಿಪ್ಲೇಸ್". ಕೆವಿನ್ ಎಂದರೆ ಕೆ, ಡಬ್ಲ್ಯು, ಐ, ಎನ್. ಕಾಯಂ ಬದಲಾವಣೆಗೆ ಕೆಡಿಇಡಬ್ಲ್ಯುಎಂ ಎಂಬ ಹಳೆಯ ವೇರಿಯಬಲ್ ಸಿಸ್ಟಮ್‌ಡಿ ಮೂಲಕ ಶುರುವಾಗುವ ಪ್ಲಾಸ್ಮಾದಲ್ಲಿ ನಡೆಯುವುದಿಲ್ಲ. ಪ್ಲಾಸ್ಮಾ-ಕೆವಿನ್_ಎಕ್ಸ್11 ಎಂಬ ಯೂಸರ್ ಸರ್ವಿಸನ್ನು ಮಾಸ್ಕ್ ಮಾಡಿ ಅದರ ಜಾಗಕ್ಕೆ ನಿಮ್ಮದೇ ಸರ್ವಿಸ್ ಬರೆಯಬೇಕು. ಗ್ನೋಮ್, ಸಿನಮನ್ ಎರಡರಲ್ಲೂ ಈ ಬದಲಾವಣೆಗೆ ಹೋಗಬೇಡಿ: ಮಟರ್, ಮಫಿನ್ ಅಲ್ಲಿ ಪ್ರತ್ಯೇಕ ಪ್ರೋಗ್ರಾಂ ಅಲ್ಲ, ಪ್ಯಾನೆಲ್ ಓಡಿಸುವ ಶೆಲ್ಲಿನ ಒಳಗೇ ಬೆಸೆದಿರುತ್ತವೆ. ತೆಗೆದರೆ ಪ್ಯಾನೆಲ್ಲೂ ಹೋಗುತ್ತದೆ.

ಎಕ್ಸ್‌ಎಫ್‌ಡಬ್ಲ್ಯುಎಂ4 ಕರೆದ ಕೂಡಲೇ ಬೀಳುತ್ತಿದ್ದರೆ

ಇದು ಬದಲಾವಣೆಯ ದೋಷ ಅಲ್ಲ, ಆದರೆ ಲಕ್ಷಣ ಅದೇ ಆದ್ದರಿಂದ ಬೆರೆತುಹೋಗುತ್ತದೆ. ಟರ್ಮಿನಲ್‌ನಲ್ಲೇ ಕರೆದು ಕೊನೆಯ ಸಾಲುಗಳನ್ನು ಓದಿ, ಹೋಮ್ ಫೋಲ್ಡರಿನ .ಎಕ್ಸ್‌ಸೆಷನ್-ಎರರ್ಸ್ ಫೈಲನ್ನೂ ನೋಡಿ. ಯಾವುದೋ ಲೈಬ್ರರಿ ಸಿಗಲಿಲ್ಲ ಎಂದಿದ್ದರೆ ಅಪ್‌ಡೇಟ್ ಅರ್ಧಕ್ಕೆ ನಿಂತಿದೆ. ಡೆಬಿಯನ್ ಬಳಗದಲ್ಲಿ "ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ" ಎಂದು ಮುಗಿಸಿ. ಮ್ಯಾನೇಜರಿನದೇ ಸೆಟ್ಟಿಂಗ್ ಫೈಲ್ ಸೊನ್ನೆ ಬೈಟ್ ಆಗಿದ್ದರೆ ಲಾಗ್‌ಔಟ್ ಆಗಿ ಎಫ್3 ಪರದೆಯಿಂದ ಅದೊಂದನ್ನೇ ಅಳಿಸಿ. ಎರಡೂ ಅಲ್ಲದಿದ್ದರೆ "ಡಿಎಫ್ -ಎಚ್" ಕೊಟ್ಟು ಹೋಮ್ ಇರುವ ಡಿಸ್ಕಿನಲ್ಲಿ ಜಾಗ ಉಂಟೋ ನೋಡಿ. ಮದುವೆಯ ವಿಡಿಯೋ ಫೈಲುಗಳಿಂದ ಡಿಸ್ಕ್ ನೂರಕ್ಕೆ ನೂರು ತುಂಬಿದ್ದರೆ ಯಾವ ಪ್ರೋಗ್ರಾಮಿಗೂ ಒಂದಕ್ಷರ ಬರೆಯಲು ಆಗುವುದಿಲ್ಲ. ಒಂದೆರಡು ಜಿಬಿ ಖಾಲಿ ಮಾಡಿ, ಸೆಷನ್ಸ್ ಫೋಲ್ಡರ್ ಅಳಿಸಿ, ಮತ್ತೆ ಲಾಗಿನ್ ಆಗಿ "ಡಬ್ಲ್ಯುಎಂಸಿಟಿಆರ್‌ಎಲ್ -ಎಂ" ಕೊಟ್ಟು ಹೆಸರು ನೋಡಿ.